ಮಾಡಿನೊಳಗಿನ ಬಾಣಂತಿ

ಅವರ ಬಲಗಿವಿಯ ಬಾಯಲ್ಲಿ ಎಂಟಾಣೆ ಅಗಲದ ಒಂದು ಕಪ್ಪು ಗುರುತು ಇತ್ತು. ಮೊದಲ ಸಲ ನೋಡಿದಾಗ ಹುಟ್ಟುಮಚ್ಚೆ ಇರಬೇಕು ಅಂದುಕೊಂಡೆ. ಎರಡನೇ ಸಲ ನೋಡಿದಾಗ ಚರ್ಮದ ಕಾಯಿಲೆಯೋ ಎಂತದೋ ಎಂದು ಸಂಶಯ ಬಂತು. ನರ್ಸಿನ ಕಣ್ಣು ಸುಮ್ಮನಿರುವುದಿಲ್ಲ, ನರ್ಸಿನ ಬಾಯಿಯೂ ಸುಮ್ಮನಿರುವುದಿಲ್ಲ, ಕೇಳಿಯೇ ಬಿಟ್ಟೆ. ಅವರು ಚೀಲದಿಂದ ಒಂದು ಮೊಳ ಉದ್ದದ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ನಮ್ಮ ಎಸಿಯ ಮೈಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರು. ಹಿಡಿ ಸರಿಯಾಗಿ ಆ ಗುರುತಿನ ಮೇಲೆ ಹೋಗಿ ಕೂತಿತು. ಮೂವತ್ತು ವರ್ಷ ಒತ್ತಿ ಒತ್ತಿ ಆ ಜಾಗದ ಚರ್ಮ ಹಿಮ್ಮಡಿಯ ಹಾಗೆ ಗಟ್ಟಿಯಾಗಿತ್ತು.

"ಗ್ಯಾಸ್ ಅಲ್ಲ ಸಿಸ್ಟರ್. ಬೇರಿಂಗ್," ಎಂದರು. ಅಷ್ಟೇ.

ಸೌದಿಯ ಈ ಖತೀಫಿನಲ್ಲಿ ನಮ್ಮ ಕಡೆಯವರಿಗೆಲ್ಲ ಅವರೇ ಎಸಿ ಮೇಸ್ತ್ರಿ. ಉಳ್ಳಾಲದ ಆಚೆಯ ಬ್ಯಾರಿ. ಮೀನು ಮಾರ್ಕೆಟ್ಟಿನ ಹಿಂದೆ ಒಂದು ಬ್ಯಾಚುಲರ್ ರೂಮಿನಲ್ಲಿ ಇನ್ನೂ ಐದು ಜನರ ಜೊತೆ ಇದ್ದರು. ಅರವತ್ತು ದಾಟಿದ ಮನುಷ್ಯ ಬ್ಯಾಚುಲರ್ ಹೇಗಾಗುತ್ತಾನೆ ಎಂದು ಊರಿನವರು ಕೇಳಿಯಾರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರನ್ನೆಲ್ಲ ಇಲ್ಲಿ ಹಾಗೇ ಕರೆಯುವುದು. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ತುಳು ಇಬ್ಬರಿಗೂ ನೀರು ಕುಡಿದ ಹಾಗೆ ಬರುತ್ತಿತ್ತು. ಆದರೂ ನನ್ನ ಹತ್ತಿರ ಅವರು ಕನ್ನಡವೇ ಆಡುತ್ತಿದ್ದರು, ಅದೂ ಶಾಲೆಯ ಪುಸ್ತಕದ ಕನ್ನಡ. ಯಾಕೆ ಎಂದು ಕೇಳಿದ್ದಕ್ಕೆ, "ನೀವು ಕಲಿತವರು," ಎಂದಿದ್ದರು.

ಬಾಗಿಲಲ್ಲೇ ಬೂಟು ಬಿಚ್ಚಿ, ಸಾಕ್ಸನ್ನು ಮಡಚಿ ಪ್ಯಾಂಟಿನ ಕಿಸೆಗೆ ಹಾಕಿಕೊಂಡು ಬರಿಗಾಲಲ್ಲಿ ಒಳಗೆ ಬರುವುದು ಅವರ ಪದ್ಧತಿ. ಏಣಿ ಹತ್ತುವುದೂ ಬರಿಗಾಲಲ್ಲೇ. ಕೆಲಸ ಮುಗಿಯದೆ ಚಹಾ ಮುಟ್ಟುವವರಲ್ಲ, ಮುಟ್ಟಿದರೆ ನಿಂತುಕೊಂಡೇ ಕುಡಿಯುವವರು. ಅವರಿಗೆ ಒಪ್ಪಿಗೆಯಾಗದ್ದಕ್ಕೆಲ್ಲ ಒಂದೇ ಮಾತು: "ಹಾಗಲ್ಲ ಅದು." ಆಮೇಲೆ ಹೇಗೆ ಎಂದು ಹೇಳುವುದಿಲ್ಲ. ನಾವೇ ಕಾಯಬೇಕು. ನನ್ನಂಥ ಸಿಟ್ಟಿನವಳಿಗೆ ಇಂಥವರ ಜೊತೆ ಏಗುವುದು ಕಷ್ಟ.

ಈಗ ಆ ವರ್ಷದ ನನ್ನ ಅವಸ್ಥೆ ಹೇಳಬೇಕು. ನನ್ನ ಮಗಳನ್ನು ಒಂಬತ್ತು ತಿಂಗಳಿಗೇ ಉಡುಪಿಯಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದಿದ್ದೆ. ನಾನು ಕ್ಲಿನಿಕ್ಕಿನಲ್ಲಿ ನರ್ಸು, ಗಂಡ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್, ಮಗುವನ್ನು ನೋಡಿಕೊಳ್ಳುವವರು ಯಾರು. ಒಂದು ವರ್ಷದ ಮಟ್ಟಿಗೆ ಎಂದು ಬಿಟ್ಟದ್ದು ಎರಡು ವರ್ಷ ದಾಟಿತ್ತು. ಅವಳಿಗೆ ಮೂರಾಗಿತ್ತು. ವೀಡಿಯೊ ಕಾಲಿನಲ್ಲಿ ನನ್ನ ಅಮ್ಮನನ್ನು ಮಮ್ಮಿ ಎನ್ನುತ್ತಿದ್ದಳು, ನನ್ನನ್ನು ಎಂತ ಎಂದೂ ಕರೆಯುತ್ತಿರಲಿಲ್ಲ. ಅಂತೂ ಕಾಗದಪತ್ರ ಎಲ್ಲ ಸರಿಯಾಗಿ, ಗಂಡನಿಗೆ ರಜೆ ಸಿಕ್ಕಿ, ಏಪ್ರಿಲ್ ಕೊನೆಗೆ ಅವನು ಊರಿಗೆ ಹೋಗಿ ಅವಳನ್ನು ಕರೆದುಕೊಂಡು ಬರುವುದೆಂದು ನಿಗದಿಯಾಯಿತು. ಈ ರಜೆ ತಪ್ಪಿದರೆ ಅವನಿಗೆ ಮುಂದಿನ ರಜೆ ಮತ್ತೊಂದು ವರ್ಷಕ್ಕೆ.

ನಮ್ಮದು ತಾರಸಿ ಮನೆ. ಹಳೆಯ ಎರಡು ಮಾಳಿಗೆಯ ಕಟ್ಟಡ, ಅದರ ತಾರಸಿಯ ಮೇಲೆ ಆಮೇಲೆ ಕಟ್ಟಿದ ಎರಡೂವರೆ ಕೋಣೆ. ಮೇಲೆ ಶೀಟಿನ ಮಾಡು, ಅದರ ಕೆಳಗೆ ಒಂದೂವರೆ ಅಡಿ ಬಿಟ್ಟು ಬಿಳಿ ಸೀಲಿಂಗು. ಆ ಅರ್ಧ ಕೋಣೆಯನ್ನು ಮಗಳಿಗೆಂದು ಗುಲಾಬಿ ಬಣ್ಣ ಹೊಡೆಸಿ ಇಟ್ಟಿದ್ದೆ. ಅಲ್ಲಿಗೆಂದು ಹೊಸ ಎಸಿಯನ್ನೂ ತಂದು ಬಿಚ್ಚಿಟ್ಟಿದ್ದೆವು, ಮೇಸ್ತ್ರಿ ಬಂದು ಹಾಕುವುದೊಂದೇ ಬಾಕಿ. ಮಾರ್ಚಿನ ಕೊನೆಗೆ ಒಂದು ದಿನ ಆ ಕೋಣೆಯ ಸೀಲಿಂಗಿನ ಮೇಲೆ ಯಾರೋ ಚಪ್ಪಲಿ ಬಿಚ್ಚಿಟ್ಟು ನಡೆದ ಹಾಗೆ ಸದ್ದಾಯಿತು. ಮರುದಿನವೂ ಆಯಿತು. ವಾರದಲ್ಲಿ ಸೀಲಿಂಗಿನ ಮೂಲೆಯಲ್ಲಿ ಒಂದು ಹಳದಿ ಕಲೆ ಮೂಡಿ, ದಿನದಿನಕ್ಕೆ ದೊಡ್ಡದಾಗುತ್ತಾ ಅವಳ ಮಂಚ ಇಡಬೇಕೆಂದಿದ್ದ ಜಾಗದ ಮೇಲಕ್ಕೆ ಬಂತು.

ಬೆಕ್ಕು ಎಂದ ಗಂಡ. ಬೆಕ್ಕಿನ ಹೆಜ್ಜೆ ಅಷ್ಟು ಭಾರ ಇರುವುದಿಲ್ಲ ಎಂದೆ. ಹಾಗಾದರೆ ದೊಡ್ಡ ಬೆಕ್ಕು ಎಂದ.

ಅದೇ ಹೊತ್ತಿಗೆ ಇನ್ನೊಂದು ವಿಚಿತ್ರ ಶುರುವಾಯಿತು. ಎಸಿಯಿಂದ ತೊಟ್ಟಿಕ್ಕುವ ನೀರು ಹಾಳಾಗಬಾರದೆಂದು ನಾನು ಹೊರಗೆ ಒಂದು ಬಕೆಟ್ ಇಡುತ್ತೇನೆ, ನೆಲ ಒರೆಸಲಿಕ್ಕೆ ಆಗುತ್ತದೆ. ಬೆಳಿಗ್ಗೆ ನೋಡಿದರೆ ಆ ಬಕೆಟಿನ ನೀರು ಕದಡಿ, ಮೀನಿನ ಪೊರೆ ತೇಲುತ್ತಿರುತ್ತಿತ್ತು. ಯಾರೋ ಬಂದು ನನ್ನ ಬಕೆಟಿನಲ್ಲಿ ಮೀನು ತೊಳೆದು ಹೋಗುತ್ತಿದ್ದಾರೆ. ಯಾಕೆ? ಅವರ ಮನೆಯಲ್ಲಿ ನಲ್ಲಿ ಇಲ್ಲವಾ? ನನಗೆ ತಲೆಬುಡ ತಿಳಿಯಲಿಲ್ಲ. ತಾರಸಿಗೆ ಬರುವವರು ನಾವು ಬಿಟ್ಟರೆ ಕೆಳಮನೆಯ ತಮಿಳು ಟೀಚರ್ ಒಬ್ಬರೇ, ಬಟ್ಟೆ ಒಣಹಾಕಲಿಕ್ಕೆ. ನಾನು ಮೆಟ್ಟಿಲು ಇಳಿದು ಹೋಗಿ, ಮೀನು ತೊಳೆಯುವುದಿದ್ದರೆ ನಿಮ್ಮ ಸಿಂಕಿನಲ್ಲಿ ತೊಳೆಯಿರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ. ಅವರು ಬಾಯಿ ತೆರೆದುಕೊಂಡು ನಿಂತಿದ್ದರು. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟದವರು ಎಂದು ಸಂಜೆ ಗಂಡ ಹೇಳಿದ ಮೇಲೆ ನನಗೆ ಗೊತ್ತಾದದ್ದು. ಎರಡು ವಾರ ಮೆಟ್ಟಿಲಲ್ಲಿ ಅವರು ಎದುರಾದರೆ ನಾನು ಮೊಬೈಲ್ ನೋಡಿಕೊಂಡು ಇಳಿಯುತ್ತಿದ್ದೆ.

ಕಲೆ ಬೆಳೆಯಿತು, ಸದ್ದು ಹೆಚ್ಚಾಯಿತು. ಮನೆಯ ಯಜಮಾನರು ಅರಬ್ಬಿ ಮುದುಕರು, ಒಳ್ಳೆಯವರೇ. ಬಂದು ನೋಡಿ, ಇಲಿ ಜಿರಳೆಗೆ ವಿಷದ ಮದ್ದು ಹಾಕುವವರನ್ನು ಕಳಿಸುತ್ತೇನೆ ಎಂದರು. ಗಂಡ ಮಾತ್ರ ಒಂದು ಸಂಜೆ ಊಟದ ನಡುವೆ ತಟ್ಟೆ ನೋಡಿಕೊಂಡೇ ಹೇಳಿದ: "ಇಂಥ ಮನೆಗೆ ಮಗುವನ್ನು ತರುವುದು ಹೇಗೆ? ಮಾಡಿನಲ್ಲಿ ಎಂತ ಉಂಟು ಅಂತಲೇ ಗೊತ್ತಿಲ್ಲ. ಟಿಕೆಟು ಮುಂದೆ ಹಾಕುವ. ಎಲ್ಲ ಸರಿಯಾಗಲಿ."

ಎಲ್ಲ ಸರಿಯಾಗಲಿ ಎಂದುಕೊಂಡೇ ಎರಡು ವರ್ಷ ಹೋದದ್ದು. ನಾನು ತಟ್ಟೆ ಬಿಟ್ಟೆದ್ದು ಮೇಸ್ತ್ರಿಗೆ ಫೋನ್ ಮಾಡಿದೆ. ಎಸಿ ಮೇಸ್ತ್ರಿಗೂ ಮಾಡಿನ ಪ್ರಾಣಿಗೂ ಎಂತ ಸಂಬಂಧ ಎಂದರೆ, ಏಣಿ ಇರುವುದು ಅವರ ಹತ್ತಿರ ಮಾತ್ರ.

ಶುಕ್ರವಾರ ನಮಾಜು ಮುಗಿಸಿ ಬಂದರು. ಸಾಕ್ಸು ಕಿಸೆಗೆ ಹೋಯಿತು. ಸ್ಕ್ರೂಡ್ರೈವರನ್ನು ಸೀಲಿಂಗಿಗೆ ಇಟ್ಟು ಕಿವಿಗೊಟ್ಟರು.

"ಮಲಗಿದೆ," ಎಂದರು. "ಉಸಿರು ಉಂಟು. ಬೆಕ್ಕು ಅಲ್ಲ, ಇಲಿ ಅಲ್ಲ."

"ಮತ್ತೆ ಎಂತದು?"

"ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು."

ಏಣಿ ಇಟ್ಟು ಶೀಟಿನ ಅಂಚನ್ನು ಸುತ್ತ ನೋಡಿದರು. ಹಿಂದಿನ ಗೋಡೆಯ ಮೇಲ್ತುದಿಯಲ್ಲಿ ಒಂದು ತೂತು, ಎರಡು ಅಂಗೈ ಅಗಲ. ಇಳಿದು ಬಂದವರ ಮುಖ ಸಣ್ಣದಾಗಿತ್ತು. ಎರಡು ವರ್ಷದ ಹಿಂದೆ ಹಳೆಯ ದೊಡ್ಡ ಎಸಿಯನ್ನು ಕಿತ್ತು ಹೊಸದು ಹಾಕಿದವರು ಅವರೇ. ಹಳೆಯ ಪೈಪಿನ ತೂತಿಗೆ ಆ ಹೊತ್ತಿಗೆ ಸಿಮೆಂಟು ಇಲ್ಲದೆ ಫೋಮ್ ತುಂಬಿಸಿ ಹೋಗಿದ್ದರು. ಮತ್ತೆ ಬಂದು ಮುಚ್ಚುತ್ತೇನೆ ಎಂದವರು ಮರೆತಿದ್ದರು. ಆ ಪ್ರಾಣಿ ಫೋಮನ್ನು ಬಗೆದು ಬಾಗಿಲು ಮಾಡಿಕೊಂಡಿತ್ತು.

"ತೂತು ನನ್ನದು," ಎಂದರು. ನಾನು ಬಾಯಿ ತೆರೆಯುವ ಮೊದಲೇ ತಾರಸಿಯ ಇನ್ನೊಂದು ಬದಿಗೆ ಕೈ ತೋರಿಸಿದರು. "ಊಟ ನಿಮ್ಮದು ಸಿಸ್ಟರ್."

ಅಲ್ಲಿ ನನ್ನ ಒಣಮೀನು ಇತ್ತು. ಕರಾವಳಿಯವರಿಗೆ ಇದು ಹೇಳಿದರೆ ಅರ್ಥವಾಗುತ್ತದೆ. ಖತೀಫಿನ ಮಾರ್ಕೆಟ್ಟಿನಲ್ಲಿ ಹಸಿ ಮೀನು ಬೇಕಾದಷ್ಟು ಸಿಗುತ್ತದೆ, ನಮ್ಮ ನಮೂನೆಯ ಒಣಮೀನು ಸಿಗುವುದಿಲ್ಲ. ಇಲ್ಲಿಯ ಬಿಸಿಲನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು, ಇಂಥ ಬಿಸಿಲು ಸುಮ್ಮನೆ ಹಾಳಾಗುತ್ತದಲ್ಲ ಎಂದು. ಹಾಗಾಗಿ ಉಪ್ಪು ಹಾಕಿ ಸಿಗಡಿ, ಸಣ್ಣ ಬಂಗುಡೆ ಎಲ್ಲ ಹಳೆಯ ಸೊಳ್ಳೆಪರದೆಯ ಮೇಲೆ ಹರವುತ್ತಿದ್ದೆ. ದಿನಾ ಒಂದಷ್ಟು ಕಡಿಮೆ ಕಾಣುತ್ತಿತ್ತು, ನಿಜ. ಒಣಗಿದ ಮೇಲೆ ಮೀನು ಕುಗ್ಗುತ್ತದಲ್ಲ, ಅದಕ್ಕೆ ಹಾಗೆ ಕಾಣುವುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮೀನು ಕುಗ್ಗಬಹುದು, ಹದಿನೈದು ಬಂಗುಡೆ ಹನ್ನೊಂದಾಗುವುದು ಕುಗ್ಗುವುದರಿಂದಲ್ಲ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ. ತಮಿಳು ಟೀಚರನ್ನು ಬೈದು ಬಂದ ಹೆಂಗಸು ನಾನು.

ಸೂರ್ಯ ಇಳಿಯುವ ಹೊತ್ತಿಗೆ ನಾವು ಮೂವರೂ ಮೆಟ್ಟಿಲಿನ ಬಾಗಿಲ ಸಂದಿನಲ್ಲಿ ನಿಂತು ನೋಡಿದೆವು. ತೂತಿನಿಂದ ಮೊದಲು ಮೂಗು ಬಂತು, ಆಮೇಲೆ ಮುಖ. ಬೂದು ಮೈ, ಕಣ್ಣಿನ ಸುತ್ತ ಮಸಿ ಬಳಿದ ಹಾಗೆ ಕಪ್ಪು ಪಟ್ಟೆ, ಬಾಲದಲ್ಲಿ ಬಳೆಬಳೆ. ಗೋಡೆ ಇಳಿದು, ಪರದೆಯ ಮೇಲಿನಿಂದ ಒಂದು ಬಂಗುಡೆ ತೆಗೆದುಕೊಂಡು ಬಕೆಟಿನ ಹತ್ತಿರ ಬಂತು. ಎರಡೂ ಮುಂಗಾಲಲ್ಲಿ ಮೀನನ್ನು ಹಿಡಿದು ನೀರಲ್ಲಿ ಹೊರಳಿಸಿ ಹೊರಳಿಸಿ ಉಜ್ಜಿತು. ಅದು ಕಾಲಲ್ಲ, ಕೈ. ಐದು ಬೆರಳಿನ ಕೈ. ನನ್ನ ಅಜ್ಜಿ ಕಲ್ಲಿನ ಮೇಲೆ ಕೂತು ಮೀನು ತೊಳೆಯುತ್ತಿದ್ದದ್ದೂ ಹೀಗೇ. ನನಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

ಗಂಡ ಮೊಬೈಲಿನಲ್ಲಿ ಹುಡುಕಿ ಪಿಸುಗುಟ್ಟಿದ: "ರಕೂನ್. ಅಮೆರಿಕದ ಪ್ರಾಣಿ."

"ಅಮೆರಿಕದ್ದು ಖತೀಫಿನಲ್ಲಿ ಎಂತ ಮಾಡುತ್ತಿದೆ?" ಎಂದೆ.

"ನಾವು ಎಂತ ಮಾಡುತ್ತಿದ್ದೇವೋ ಅದೇ," ಎಂದರು ಮೇಸ್ತ್ರಿ.

ಯಾರದೋ ತೋಟದ ಬಂಗಲೆಯಲ್ಲಿ ಗೂಡಿನಲ್ಲಿ ಸಾಕಿದ್ದ ಜೋಡಿ ತಪ್ಪಿಸಿಕೊಂಡಿತ್ತು ಎಂದು ಆಮೇಲೆ ಒಬ್ಬರು ಹೇಳಿದರು. ಸರ್ಕಸ್ಸಿನದ್ದು ಎಂದು ಇನ್ನೊಬ್ಬರು. ಸರಿಯಾದದ್ದು ಯಾವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅದು ತಿಂದು ಮುಗಿಸಿ ಗೋಡೆ ಹಾರಿ ಹಿಂದಿನ ಖರ್ಜೂರದ ತೋಟಕ್ಕೆ ಇಳಿದದ್ದೇ ತಡ, ಮೇಸ್ತ್ರಿ ಏಣಿ ಹತ್ತಿದರು. ತೂತಿಗೆ ತಗಡು ಇಟ್ಟು ಹನ್ನೆರಡು ಸ್ಕ್ರೂ ಬಿಗಿದರು. ನಾನು ಒಣಮೀನು ಅಷ್ಟನ್ನೂ ಎತ್ತಿ ಡಬ್ಬಕ್ಕೆ ತುಂಬಿಸಿದೆ. ಅವರು ಚಹಾ ಕುಡಿದು ಹೋದರು. ಗಂಡ ತಾನಾಗಿಯೇ, ಟಿಕೆಟು ಇರಲಿ ಬಿಡು ಎಂದ. ನಾನು ಅಮ್ಮನಿಗೆ ಫೋನ್ ಮಾಡಿ ಮಗಳಿಗೆ ಸ್ವೆಟರ್ ಬೇಡ, ಇಲ್ಲಿ ಸೆಕೆ ಎಂದೆಲ್ಲ ಹೇಳಿದೆ. ಅಷ್ಟು ಹಗುರಾಗಿತ್ತು ಮನಸ್ಸು.

ಬೆಳಿಗ್ಗೆ ಎದ್ದು ನೋಡಿದರೆ ತಗಡಿನ ಒಂದು ಮೂಲೆ ಬಗ್ಗಿತ್ತು. ಅದರ ಮೇಲೆ ಪರಚಿದ ಗೆರೆ, ಗೆರೆಯಲ್ಲಿ ಸ್ವಲ್ಪ ರಕ್ತ. ಗುಲಾಬಿ ಕೋಣೆಯ ಸೀಲಿಂಗಿನಲ್ಲಿ ಹಕ್ಕಿ ಕೂಗಿದ ಹಾಗೆ ಸಣ್ಣ ಸ್ವರ. ನಾನು ಫೋನಿನಲ್ಲಿ ಮೇಸ್ತ್ರಿಯ ಮೇಲೆ ಹಾರಾಡಿದೆ. ಒಂದನ್ನು ಹೊರಗೆ ಹಾಕಿ ಇನ್ನೊಂದನ್ನು ಒಳಗೆ ಮುಚ್ಚಿದ್ದೀರಿ, ಇದು ಯಾವ ಸೀಮೆಯ ಕೆಲಸ ಎಂದೆ. ಅವರು ಅರ್ಧ ಗಂಟೆಯಲ್ಲಿ ಬಂದರು. ಸ್ಕ್ರೂಡ್ರೈವರ್ ಇಟ್ಟು ಕಿವಿ ಒತ್ತಿದರು. ಈ ಸಲ ತುಂಬ ಹೊತ್ತು ಒತ್ತಿದರು. ತುದಿಯನ್ನು ನಾಲ್ಕು ಕಡೆ ಸರಿಸಿ ಸರಿಸಿ ಕೇಳಿದರು. ಕಣ್ಣು ತೆರೆದಾಗ ಅವರ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ.

"ಬಾಣಂತಿ ಸಿಸ್ಟರ್ ಅದು," ಎಂದರು. "ಒಳಗೆ ಮರಿಗಳು ಉಂಟು. ಮೂರೋ ನಾಲ್ಕೋ. ನಾನು ತಾಯಿಯನ್ನು ಹೊರಗೆ ಹಾಕಿ ಬಾಗಿಲು ಹಾಕಿದೆ."

ಮುಂದಿನದ್ದು ಬರೆಯಬೇಕಾ ಬೇಡವಾ ಎಂದು ತುಂಬ ಯೋಚಿಸಿದೆ. ಬರೆಯದಿದ್ದರೆ ಅವರ ಬಗ್ಗೆ ಬರೆದ ಹಾಗಾಗುವುದಿಲ್ಲ. ನಾಳೆ ಮದ್ದಿನವರು ಬರುತ್ತಾರೆ ಎಂದು ಯಜಮಾನರು ಆಗಲೇ ಹೇಳಿ ಕಳಿಸಿದ್ದರು. ನಾನು, ದಿನಕ್ಕೆ ಹತ್ತು ಮಕ್ಕಳಿಗೆ ಚುಚ್ಚುಮದ್ದು ಕೊಟ್ಟು ಹಣೆ ಸವರಿ ಕಳಿಸುವವಳು, ಹೇಳಿದೆ: "ಇರಲಿ ಬಿಡಿ. ಮದ್ದು ಹಾಕಲಿ. ಒಂದು ವಾರ ವಾಸನೆ ಬರಬಹುದು, ಆಮೇಲೆ ಹೋಗುತ್ತದೆ. ನನ್ನ ಮಗು ಬರಬೇಕು."

ಗಂಡ ನೆಲ ನೋಡಿದ. ಮೇಸ್ತ್ರಿ ನನ್ನನ್ನೇ ನೋಡಿದರು, ಸಿಟ್ಟಿನಿಂದಲ್ಲ.

"ಹಾಗಲ್ಲ ಅದು," ಎಂದರು. ಈ ಸಲ ಹೇಗೆ ಎಂದೂ ಹೇಳಿದರು. "ಬರಲಿ ನಿಮ್ಮ ಮಗು. ಬಂದು ಈ ಕೋಣೆಯಲ್ಲೇ ಮಲಗಲಿ. ಆದರೆ ಮರಿಗಳನ್ನು ಒಳಗೆ ಸಾಯಿಸಿದ ಕೋಣೆಗೆ ನಾನು ಎಸಿ ಹಾಕಲಿಕ್ಕಿಲ್ಲ. ಬೇರೆ ಮೇಸ್ತ್ರಿಯನ್ನು ನೋಡಿ."

ಖತೀಫಿನಲ್ಲಿ ಮೇಸ್ತ್ರಿಗಳಿಗೆ ಬರವಾ? ಬೇರೆಯವರನ್ನು ಕರೆಯುತ್ತೇನೆ ಎಂದು ಹೇಳಬೇಕಿತ್ತು. ನಾಲಗೆಯ ತುದಿಗೂ ಬಂತು. ಯಾಕೆ ಹೇಳಲಿಲ್ಲವೋ. ಹೋಗಿ ನನ್ನ ಆಸ್ಪತ್ರೆಯ ದಪ್ಪ ಕೈಗವಸು ತಂದು ಅವರಿಗೆ ಕೊಟ್ಟೆ.

ಅವರು ಸೀಲಿಂಗಿನ ಮೂಲೆಯನ್ನು ಚೌಕಾಕಾರವಾಗಿ ಕೊಯ್ದು ತಲೆ ಹಾಕಿದರು. ಒಂದೊಂದನ್ನೇ ಟವಲಿನಲ್ಲಿ ಸುತ್ತಿ ಕೆಳಗೆ ಕೊಟ್ಟರು, ನಾನು ಎಸಿಯ ಖಾಲಿ ರಟ್ಟಿನ ಪೆಟ್ಟಿಗೆಗೆ ಇಳಿಸಿದೆ. ನಾಲ್ಕು. ಕಣ್ಣು ಇನ್ನೂ ಬಿಟ್ಟಿರಲಿಲ್ಲ, ಕಪ್ಪು ಪಟ್ಟೆ ಮಾತ್ರ ಆಗಲೇ ಇತ್ತು. ನಾಲ್ಕನೆಯದನ್ನು ತೆಗೆಯುವಾಗ ತಗಡಿನ ಅಂಚು ತಾಗಿತೋ ಮರಿಯ ಉಗುರು ತಾಗಿತೋ, ಕೈಗವಸಿನ ಮೇಲೆ ಮೊಣಕೈವರೆಗೆ ಅವರ ಕೈ ಗೀರಿತ್ತು. ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಸಿ, ಸೀದಾ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಹುಚ್ಚುನಾಯಿಯ ಇಂಜೆಕ್ಷನ್ ಶುರು ಮಾಡಿಸಿದೆ. "ನಾಯಿ ಎಲ್ಲಿಂದ ಬಂತು ಸಿಸ್ಟರ್?" ಎಂದು ಜಗಳಕ್ಕೆ ನಿಂತರು. ನಾನು ಬಿಡಲಿಲ್ಲ. ಅಲ್ಲಿ ನನ್ನ ಮಾತೇ ನಡೆಯುವುದು.

ಮಧ್ಯಾಹ್ನ ಮೂರರ ಮೇಲೆ, ಅಸರ್ ನಮಾಜಿನ ಹೊತ್ತಿಗೆ ವಾಪಸು ಬಂದೆವು. ಪೆಟ್ಟಿಗೆಯನ್ನು ತಾರಸಿಯ ನೆರಳಿನಲ್ಲಿ, ಮುಚ್ಚಿದ ತೂತಿನ ಕೆಳಗೇ ಇಟ್ಟರು. ಮರಿಗಳ ಕೆಳಗೆ ನನ್ನದೊಂದು ಹಳೆಯ ನೈಟಿ. ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಹೋಗಿ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನೂ ಒಂದು ಮಣೆ ತೆಗೆದುಕೊಂಡು ಹೋಗಿ ಕೂತೆ. ಮರಿಗಳು ಕೂಗುತ್ತಿದ್ದವು. ಒಮ್ಮೆ ನೋಡಿ ಬರುತ್ತೇನೆ ಎಂದು ಎದ್ದರೆ, ಕೈ ಅಡ್ಡ ಹಿಡಿದರು.

"ಕೂಗಲಿ. ಕೂಗಿದರೆ ಮಾತ್ರ ಅದಕ್ಕೆ ಕೇಳುವುದು. ನಾವು ಹತ್ತಿರ ಹೋದರೆ ಬರಲಿಕ್ಕಿಲ್ಲ."

"ಬಾರದಿದ್ದರೆ?"

"ಬಾರದಿದ್ದರೆ ನಾನು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ ಸಿಸ್ಟರ್."

ಅಲ್ಲಿ ಅವರು ಮಾತಾಡಿದರು. ಆರು ವರ್ಷದಲ್ಲಿ ಆಡದ್ದನ್ನೆಲ್ಲ ಆ ಮೂರು ಗಂಟೆಯಲ್ಲಿ, ನನ್ನ ಮುಖ ನೋಡದೆ, ಪೆಟ್ಟಿಗೆಯ ಕಡೆಗೆ ನೋಡಿಕೊಂಡು ಆಡಿದರು. ಮೂವರು ಮಕ್ಕಳು ಅವರಿಗೆ. ಮೂವರೂ ಹುಟ್ಟುವಾಗ ಅವರು ಇಲ್ಲಿದ್ದರು, ಒಬ್ಬ ಹುಟ್ಟುವಾಗ ಅಲ್ ಖರ್ಜಿನ ಹಾಲಿನ ಡೈರಿಯ ದೊಡ್ಡ ಫ್ರಿಜ್ಜಿನ ಒಳಗೆ ಕೆಲಸ. ಮಗ ಎಂದು ತಂತಿ ಬಂದದ್ದು ಹನ್ನೊಂದು ದಿನದ ಮೇಲೆ. ಊರಿಗೆ ಹೋಗುವಾಗ ಮಕ್ಕಳಿಗೆ ಅಂಗಿ ತೆಗೆದುಕೊಂಡು ಹೋಗುತ್ತಿದ್ದರಂತೆ, ಯಾವತ್ತೂ ಸಣ್ಣದಾಗುತ್ತಿತ್ತಂತೆ. "ನನ್ನ ತಲೆಯಲ್ಲಿ ಅವರು ಬೆಳೆಯುತ್ತಿರಲಿಲ್ಲ," ಎಂದರು. ಸ್ವಂತ ಮನೆ ಮುಗಿಯಲಿ, ಕರೆಂಟು ಬರಲಿ, ಬಾವಿ ಆಗಲಿ, ಆಮೇಲೆ ಹೋಗಿ ಒಟ್ಟಿಗೆ ಇರುವ ಎಂದುಕೊಂಡಿದ್ದರಂತೆ. ಬಾವಿಯೂ ಆಯಿತು, ಮಕ್ಕಳ ಮದುವೆಯೂ ಆಯಿತು.

"ಮಗುವನ್ನು ತನ್ನಿ ಸಿಸ್ಟರ್," ಎಂದರು. "ಮನೆ ಸರಿಯಾಗಲಿ ಎಂದು ಕಾಯಬೇಡಿ. ಮನೆ ಸರಿ ಮಾಡಲಿಕ್ಕೆ ನಾನಿದ್ದೇನೆ."

ಬೆಳಕು ಕಂದುವ ಹೊತ್ತಿಗೆ ಅದು ಗೋಡೆಯ ಮೇಲೆ ಬಂತು. ಮುಂಗಾಲಿಗೆ ಗಾಯವಾಗಿ ಕುಂಟುತ್ತಿತ್ತು. ನಮ್ಮ ಕಡೆ ಒಮ್ಮೆ ನೋಡಿತು, ನಾವಿದ್ದದ್ದು ಅದಕ್ಕೆ ಗೊತ್ತಿತ್ತು. ಪೆಟ್ಟಿಗೆಯ ಸುತ್ತ ಎರಡು ಸುತ್ತು ಬಂದು ಒಳಗೆ ತಲೆ ಹಾಕಿ, ಒಂದು ಮರಿಯ ಹಿಂಗತ್ತು ಕಚ್ಚಿಕೊಂಡು ಗೋಡೆ ಹತ್ತಿ ತೋಟಕ್ಕೆ ಇಳಿಯಿತು. ಕಾಲು ಗಂಟೆ ಬಿಟ್ಟು ಬಂದು ಎರಡನೆಯದು. ಆಮೇಲೆ ಮೂರನೆಯದು. ನಾಲ್ಕನೆಯದು ಪೆಟ್ಟಿಗೆಯಲ್ಲಿ ಒಂದೇ ಉಳಿದು ಕೂಗುತ್ತಿತ್ತು, ತಾಯಿಯ ಸುಳಿವಿಲ್ಲ. ಮುಸ್ಸಂಜೆಯ ಮಗ್ರಿಬ್ ಬಾಂಗು ಆಯಿತು. ಮೇಸ್ತ್ರಿ ನಮಾಜಿಗೆ ಏಳಬೇಕಿತ್ತು, ಏಳಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ನಾನು ನನಗೆ ಗೊತ್ತಿದ್ದ ಪ್ರಾರ್ಥನೆ ಹೇಳಿಕೊಂಡೆ. ಬೆಳಿಗ್ಗೆ ಸಾಯಲಿ ಎಂದವಳು, ಸಂಜೆ ಅದಕ್ಕೇ ಪ್ರಾರ್ಥನೆ ಮಾಡುವುದೆಂದರೆ ಎಂತ ಎಂದು ನನಗೇ ತಿಳಿಯಲಿಲ್ಲ. ಕೊನೆಗೂ ಅದು ಬಂತು. ಇನ್ನೂ ಹೆಚ್ಚು ಕುಂಟುತ್ತಾ ಬಂತು. ಕೊನೆಯ ಮರಿಯನ್ನು ಎತ್ತಿಕೊಂಡು ಹೋಗುವಾಗ ಮೇಸ್ತ್ರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ಮರುದಿನ ಬಂದು ತೂತಿಗೆ ಸಿಮೆಂಟು ಹಾಕಿದರು. ಮೂರು ಸಂಜೆ ಕೂತು ಸೀಲಿಂಗನ್ನು ತಾವೇ ತೊಳೆದು, ಹೊಸ ತುಂಡು ಕೂರಿಸಿ, ಬಣ್ಣ ಹೊಡೆದು, ಎಸಿ ಹಾಕಿ ಹೋದರು. ನಾನು ಒಂದು ಡಬ್ಬ ತೆಂಗಿನಕಾಯಿ ಬರ್ಫಿ ಹಿಡಿದುಕೊಂಡು ಹೋಗಿ ತಮಿಳು ಟೀಚರಲ್ಲಿ ಕ್ಷಮೆ ಕೇಳಿದೆ. ಅವರು ನಕ್ಕರು, ಬರ್ಫಿಯಲ್ಲಿ ಮೀನು ಇಲ್ಲ ತಾನೆ ಎಂದರು. ಮೇ ತಿಂಗಳಲ್ಲಿ ಮುನಿಸಿಪಾಲ್ಟಿಯವರು ತೋಟಕ್ಕೆ ಬೋನು ತಂದಿದ್ದರಂತೆ. ಹಿಡಿದರೋ, ಅವು ಎಲ್ಲಿಗೆ ಹೋದವೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಗಳು ಬಂದಳು. ಏರ್‌ಪೋರ್ಟಿನಲ್ಲಿ ನನ್ನನ್ನು ನೋಡಿ ಗಂಡನ ಹಿಂದೆ ಅಡಗಿದಳು. ಒಂದು ತಿಂಗಳು ಅಜ್ಜಿ ಬೇಕು ಎಂದು ಅತ್ತಳು. ನಾನು ಊಟ ಕೊಟ್ಟರೆ ತಟ್ಟೆ ದೂಡುತ್ತಿದ್ದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಿದ್ದೆ. ಇವತ್ತು ಅವಳಿಗೆ ಆರು. ನನ್ನ ಬಟ್ಟೆಯ ತುದಿ ಹಿಡಿದುಕೊಂಡೇ ನಿದ್ದೆ ಮಾಡುತ್ತಾಳೆ. ಕೊಂಕಣಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಕೊಡಲಿ. ಟಿಕೆಟು ಮುಂದೆ ಹಾಕಿದ್ದರೆ ಇನ್ನೂ ಒಂದು ವರ್ಷ, ಆಮೇಲೆ ಇನ್ನೂ ಒಂದು ಎನ್ನುತ್ತಿದ್ದೆವು, ನನಗೆ ನಮ್ಮ ಗುಣ ಗೊತ್ತುಂಟು.

ಮೇಸ್ತ್ರಿ ಅದರ ಮರುವರ್ಷ ಊರಿಗೆ ಹೋದರು. ಪ್ರಾಯವಾಯಿತೆಂದು ಕಂಪನಿ ಇಲ್ಲಿರಲಿಕ್ಕೆ ಬೇಕಾದ ಇಕಾಮಾ ಕಾರ್ಡು ನವೀಕರಿಸಲಿಲ್ಲ. ಹೋಗುವ ಮೊದಲು ಬಂದು ನಮ್ಮ ಮೂರೂ ಎಸಿಗಳಿಗೆ ಕಿವಿ ಕೊಟ್ಟು, ಎರಡು ವರ್ಷಕ್ಕೆ ಚಿಂತೆಯಿಲ್ಲ ಎಂದು ಹೇಳಿ, ನಿಂತುಕೊಂಡೇ ಚಹಾ ಕುಡಿದು ಹೋದರು. ಊರಿನಿಂದ ಹಬ್ಬಕ್ಕೊಂದು ಮೆಸೇಜು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ನಾನೂ ಫೋನ್ ಮಾಡಲಿಲ್ಲ. ಕೆಲಸ, ಮಗಳ ಶಾಲೆ, ಎಂತೆಂತದೋ.

ಈ ಸಲ ಕ್ರಿಸ್‌ಮಸ್ ಮುಗಿದು ಒಂದು ವಾರದಲ್ಲಿ ಅವರ ನಂಬರಿನಿಂದ ಕಾಲ್ ಬಂತು. ಸಂತೋಷದಿಂದ ತೆಗೆದೆ. ಗಂಡಸಿನ ಸ್ವರ, ಆದರೆ ಅವರದ್ದಲ್ಲ.

"ನಾನು ಅವರ ಮಗ. ಅಪ್ಪ ತೀರಿಕೊಂಡರು. ಇಪ್ಪತ್ತು ದಿನ ಆಯಿತು. ಅವರ ಫೋನಿನಲ್ಲಿ ಇರುವವರಿಗೆಲ್ಲ ಹೇಳುತ್ತಾ ಇದ್ದೇನೆ."

ಹೃದಯವಂತೆ, ನಿದ್ದೆಯಲ್ಲೇ ಹೋದರಂತೆ. ನರ್ಸು ಹೇಳಬೇಕಾದ್ದನ್ನೆಲ್ಲ ಹೇಳಿದೆ. ನೋವಾಗಿರಲಿಕ್ಕಿಲ್ಲ ಎಂದೆ. ಅವನು ಫೋನ್ ಇಡಲಿಲ್ಲ.

"ಒಂದು ಕೇಳಬಹುದಾ?" ಎಂದ. "ಅಪ್ಪ ಹೇಗೆ?"

ನನಗೆ ಅರ್ಥವಾಗಲಿಲ್ಲ. ಇಲ್ಲಿಂದ ಹೋಗುವಾಗ ಆರೋಗ್ಯವಾಗಿಯೇ ಇದ್ದರು ಎಂದೆ.

"ಅದಲ್ಲ. ಅಲ್ಲಿ ಹೇಗಿದ್ದರು ಅಂತ. ಎಂಥ ಜನ? ನಮಗೆ ಗೊತ್ತಿಲ್ಲ. ಇಲ್ಲಿಗೆ ಬಂದು ಎರಡು ವರ್ಷ ನಮ್ಮ ಜೊತೆ ಇದ್ದರು. ಊಟ ಆಯಿತಾ ಅಂತ ಕೇಳುತ್ತಿದ್ದರು, ಆಯಿತು ಅನ್ನುತ್ತಿದ್ದೆ. ಬೇರೆ ಎಂತ ಮಾತಾಡುವುದು ಅಂತ ಗೊತ್ತಾಗುತ್ತಿರಲಿಲ್ಲ."

ನಾನು ರಕೂನಿನ ಕಥೆ ಹೇಳಿದೆ. ತೂತಿನಿಂದ ಹಿಡಿದು ನಾಲ್ಕನೇ ಮರಿಯ ತನಕ ಎಲ್ಲ ಹೇಳಿದೆ. ಸಾಯಲಿ ಎಂದವಳು ನಾನೇ ಎಂದೂ ಹೇಳಿದೆ. ಮುಕ್ಕಾಲು ಗಂಟೆಯಾಗಿರಬೇಕು. ಮುಖ ಮುಚ್ಚಿಕೊಂಡರು ಎಂದಾಗ, ಅಪ್ಪನಾ ಎಂದು ಎರಡು ಸಲ ಕೇಳಿದ. ಕೊನೆಗೆ, "ನನ್ನ ಬಗ್ಗೆ ಏನಾದರೂ ಹೇಳಿದ್ದರಾ?" ಎಂದ.

ಟ್ಯಾಂಕಿನ ಹಿಂದೆ ಕೂತಿದ್ದಾಗ ಅವರು ಹೇಳಿದ ಒಂದು ಮಾತನ್ನು ನಾನು ಮೇಲೆ ಬರೆದಿಲ್ಲ, ಅವನಿಗೆ ಹೇಳುವ ಅಂದಾಜೂ ಇರಲಿಲ್ಲ. ಹೇಳಿದರೆ ನೋವಾಗುತ್ತದೋ, ಹೇಳದಿದ್ದರೆ ಮೋಸವಾಗುತ್ತದೋ ಎಂದು ತಿಳಿಯಲಿಲ್ಲ. ಆಮೇಲೆ ಅವರು ಹೇಳಿದ ಹಾಗೆಯೇ ಹೇಳಿದೆ: "ಮಗನ ಹತ್ತಿರ ಕೂತುಕೊಳ್ಳಬೇಕು ಅಂತ ಆಸೆ ಉಂಟು ಸಿಸ್ಟರ್. ಹೇಗೆ ಕೂತುಕೊಳ್ಳುವುದು ಅಂತ ನನಗೆ ಬರುವುದಿಲ್ಲ."

ಅವನು ಎದ್ದು ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

"ನನಗೂ ಬರುತ್ತಿರಲಿಲ್ಲ," ಎಂದ.

ಫೋನ್ ಇಡುವ ಮೊದಲು, ಇದನ್ನೆಲ್ಲ ಬರೆದು ಕಳಿಸುತ್ತೀರಾ, ಅಮ್ಮನಿಗೆ ಓದಿ ಹೇಳಬೇಕು ಎಂದ. ಬರೆಯುತ್ತೇನೆ ಎಂದೆ. ಅವನ ಪಾಲಿಗೆ ಬರಬೇಕಾಗಿದ್ದ ಅಪ್ಪನ ಒಂದು ಇಡೀ ಸಂಜೆ ನನಗೆ ಸಿಕ್ಕಿತು, ಅದರಿಂದ ನನಗೆ ನನ್ನ ಮಗಳು ಸಿಕ್ಕಿದಳು. ಇದು ಹೇಗೆ ನ್ಯಾಯ ಎಂದು ನನಗೆ ಗೊತ್ತಾಗುವುದಿಲ್ಲ. ಬರೆದಿದ್ದೇನೆ, ನಾಳೆ ಕಳಿಸುತ್ತೇನೆ.